ಓದುಗರ ಪ್ರಶ್ನೆ: ಸೋಮವಾರ ಬೆಳಗಿನ ಹೆಂಡ್ರಿಕ್ಸ್

ಹೋದ ತಿಂಗಳು ಗಿಟಾರ್ ಕಲಿಯುವವರ ಬಗ್ಗೆ ಬರೆಯುತ್ತಾ ಒಂದೇ ಒಂದು ಸಾಲು ಸೇರಿಸಿದ್ದೆ: ಅಮೆರಿಕದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ವುಡ್‌ಸ್ಟಾಕ್‌ನಲ್ಲಿ ನುಡಿಸಿದ ಅಮೆರಿಕದ ರಾಷ್ಟ್ರಗೀತೆಯನ್ನು ಒಮ್ಮೆಯಾದರೂ ಕೇಳಿ, ಅಂತ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹೊಗಳಿದವರು ಇದ್ದಾರೆ, ಬೈದವರು ಇದ್ದಾರೆ, ತಲೆನೋವು ಬಂತು ಅಂದವರೂ ಇದ್ದಾರೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಪೂರ್ತಿ ಜಾಗ ಇದಕ್ಕೇ ಕೊಟ್ಟಿದ್ದೇನೆ. ಹೆಸರು ಹಾಕಬೇಡಿ ಅಂತ ಇಬ್ಬರು ಕೇಳಿಕೊಂಡಿದ್ದರು. ಆದ್ದರಿಂದ ಯಾರ ಹೆಸರೂ ಇಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ವುಡ್‌ಸ್ಟಾಕ್ ಅಂದರೆ ಊರಾ, ಸಂಗೀತದ ಹಬ್ಬವಾ? ಆ ಹಬ್ಬ ವುಡ್‌ಸ್ಟಾಕ್‌ನಲ್ಲಿ ನಡೆಯಲೇ ಇಲ್ಲ ಅಂತ ನನ್ನ ಮಗ ವಾದ ಮಾಡುತ್ತಾನೆ. ಯಾರು ಸರಿ? (ಹಾಸನ)

ನಿಮ್ಮ ಮಗ ಗೆದ್ದ. ವುಡ್‌ಸ್ಟಾಕ್ ನ್ಯೂಯಾರ್ಕ್ ರಾಜ್ಯದ ಒಂದು ಸಣ್ಣ ಊರು. ಸಂಗೀತಗಾರರು, ಚಿತ್ರ ಬರೆಯುವವರು ಹೋಗಿ ನೆಲೆಸುವ ಜಾಗ ಅಂತ ಅದಕ್ಕೆ ಹೆಸರು. ಹಬ್ಬ ಮಾಡಲು ಹೊರಟವರು ಆ ಊರಿನ ಹೆಸರನ್ನು ಇಟ್ಟುಕೊಂಡರು, ಜಾಗ ಮಾತ್ರ ಬೇರೆ ಕಡೆ ಹುಡುಕಿದರು. ವಾಲ್‌ಕಿಲ್ ಅನ್ನುವಲ್ಲಿ ಎಲ್ಲ ಗೊತ್ತಾಗಿತ್ತು. ಅಲ್ಲಿನ ಜನ ಬೇಡವೇ ಬೇಡ ಅಂತ ಪಟ್ಟು ಹಿಡಿದರು. ಹಬ್ಬಕ್ಕೆ ಒಂದೇ ತಿಂಗಳು ಉಳಿದಿರುವಾಗ ಜಾಗ ಕೈತಪ್ಪಿತು. ಆಗ ಸಿಕ್ಕಿದವನು ಬೆತೆಲ್ ಎಂಬ ಊರಿನ ಮ್ಯಾಕ್ಸ್ ಯಾಸ್ಗರ್. ಹಾಲಿನ ಮನುಷ್ಯ, ಆ ಸೀಮೆಗೆ ದೊಡ್ಡ ಹೈನುಗಾರ. ವುಡ್‌ಸ್ಟಾಕ್‌ನಿಂದ ಸುಮಾರು 65 ಕಿಲೋಮೀಟರ್ ದೂರದಲ್ಲಿ ಅವನದು 600 ಎಕರೆ. ಅದರಲ್ಲಿ ದನಗಳಿಗೆ ಮೇವು ಬೆಳೆಯುತ್ತಿದ್ದ ಒಂದು ಹೊಲ ಬೋಗುಣಿಯ ಹಾಗೆ ಇಳಿಜಾರಾಗಿತ್ತು. ಇಳಿಜಾರಿನ ತಳದಲ್ಲಿ ವೇದಿಕೆ, ಮೇಲೆಲ್ಲ ಜನ.

1969ರ ಆಗಸ್ಟ್ 15ರಿಂದ 17, ಮೂರು ದಿನ ಅಂತ ಲೆಕ್ಕ. ಮುಂಗಡ ಟಿಕೆಟ್ 18 ಡಾಲರ್, ಹೆಚ್ಚುಕಮ್ಮಿ 1,86,000 ಮಾರಾಟವಾಗಿದ್ದವು. ಬಂದವರು 4 ಲಕ್ಷಕ್ಕೂ ಜಾಸ್ತಿ. ಮದುವೆ ಮನೆಯಲ್ಲಿ 500 ಎಲೆ ಅಂದುಕೊಂಡು 1,000 ಜನ ಬಂದರೆ ಅಡುಗೆ ಭಟ್ಟರ ಮುಖ ಹೇಗಾಗುತ್ತೆ ನೋಡಿದ್ದೀರಲ್ವಾ, ಅದೇ ಕಥೆ. ಉಳಿದ ಸಮಯದಲ್ಲಿ ಬೇಲಿ ಹಾಕುವುದಾ, ವೇದಿಕೆ ಕಟ್ಟುವುದಾ ಅಂತ ಬಂದಾಗ ವೇದಿಕೆ ಆರಿಸಿಕೊಂಡರು. ಬೇಲಿ ಇಲ್ಲದ ಮೇಲೆ ಟಿಕೆಟ್ ಕೇಳುವುದು ಹೇಗೆ? ಹಬ್ಬ ಪುಕ್ಕಟೆ ಅಂತ ಸಾರಿಬಿಟ್ಟರು. ರಸ್ತೆಗಳು ಕಾರಿನಿಂದ ಕಟ್ಟಿಹೋದವು, ಹಾಡುವವರನ್ನು ಹೆಲಿಕಾಪ್ಟರಿನಲ್ಲಿ ತಂದು ಇಳಿಸಬೇಕಾಯಿತು. ಜೊತೆಗೆ ಮಳೆ. ಆಮೇಲೆ ಕೆಸರು.

ಪ್ರಶ್ನೆ: ಹೆಂಡ್ರಿಕ್ಸ್ ಆಗ ಅಷ್ಟು ದೊಡ್ಡ ಸ್ಟಾರ್ ಆಗಿದ್ದರೆ ವಿಡಿಯೊದಲ್ಲಿ ಮೈದಾನ ಯಾಕೆ ಖಾಲಿ ಖಾಲಿ ಕಾಣುತ್ತೆ? ಹಗಲು ಹೊತ್ತಿನಲ್ಲಿ ಯಾಕೆ ನುಡಿಸಿದ? (ತುಮಕೂರು, ಕಾಲೇಜು ವಿದ್ಯಾರ್ಥಿ)

ಒಳ್ಳೆಯ ಕಣ್ಣು ನಿಮ್ಮದು. ಆ ಹಬ್ಬಕ್ಕೆ ಬಂದವರಲ್ಲಿ ಅತಿ ಹೆಚ್ಚು ಸಂಭಾವನೆ ಪಡೆದವನು ಹೆಂಡ್ರಿಕ್ಸ್. ಅವನ ಮ್ಯಾನೇಜರ್‌ದು ಒಂದೇ ಹಟ, ಕೊನೆಯಲ್ಲಿ ನುಡಿಸುವವನು ನಮ್ಮವನೇ ಆಗಬೇಕು, ಅವನ ನಂತರ ಯಾರೂ ವೇದಿಕೆ ಹತ್ತಬಾರದು. ಕಾಗದದ ಮೇಲೆ ಇದು ಗೌರವದ ಜಾಗ. ಭಾನುವಾರ ರಾತ್ರಿ, ಹಬ್ಬದ ಮುಕ್ತಾಯ, ಲಕ್ಷಗಟ್ಟಲೆ ಜನ. ಆದರೆ ಭಾನುವಾರ ಮಧ್ಯಾಹ್ನ ಗುಡುಗು ಮಳೆ ಹೊಡೆದು ಕಾರ್ಯಕ್ರಮ ಗಂಟೆಗಟ್ಟಲೆ ನಿಂತಿತು. ಅದಕ್ಕೂ ಮೊದಲೇ ಎಲ್ಲವೂ ತಡವಾಗಿತ್ತು. ಒಬ್ಬರ ಹಿಂದೆ ಒಬ್ಬರು ಜಾರುತ್ತಾ ಜಾರುತ್ತಾ ಹೆಂಡ್ರಿಕ್ಸ್ ಸರದಿ ಬರುವ ಹೊತ್ತಿಗೆ ಸೋಮವಾರ ಬೆಳಗ್ಗೆ ಸುಮಾರು 9 ಗಂಟೆ. 18ನೇ ತಾರೀಕು.

ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಾತ್ರಿಯಿಡೀ ನಡೆದ ಬಯಲಾಟ ಬೆಳಗಿನ ಜಾವಕ್ಕೆ ಬಂದಾಗ ಅರ್ಧ ಕುರ್ಚಿ ಖಾಲಿ, ಉಳಿದರ್ಧದಲ್ಲಿ ಶಾಲು ಹೊದ್ದು ತೂಗುವ ತಲೆಗಳು, ಚುರುಮುರಿಯವನು ಗಾಡಿ ಕಟ್ಟುತ್ತಿರುತ್ತಾನೆ. ಆದರೆ ಚೌಕಿಯಿಂದ ಮುಖ್ಯ ವೇಷ ಬರುವುದು ಆಗಲೇ. ಯಾಸ್ಗರನ ಹೊಲದಲ್ಲೂ ಹಾಗೇ ಆಯಿತು. ಸೋಮವಾರ ಅಲ್ವಾ, ಜನಕ್ಕೆ ಕೆಲಸ ಇತ್ತು, ಕಾಲೇಜು ಇತ್ತು, ಮೂರು ದಿನ ಸರಿಯಾಗಿ ಊಟ ನಿದ್ದೆ ಇರಲಿಲ್ಲ, ಹೊರಟುಹೋಗಿದ್ದರು. ಉಳಿದವರು 30ರಿಂದ 40 ಸಾವಿರ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ವಿಡಿಯೊದಲ್ಲಿ ಸರಿಯಾಗಿ ನೋಡಿ, ಹಿಂದೆ ಕಾಣುವುದು ಒದ್ದೆ ಕಂಬಳಿ, ಕಾಗದ, ತುಳಿದ ಚಪ್ಪಲಿ, ಮತ್ತು ಅಲ್ಲಲ್ಲಿ ಎದ್ದು ಹೋಗುತ್ತಿರುವ ಜನ.

ಹೆಂಡ್ರಿಕ್ಸ್‌ಗೂ ಅದು ಕಾಣುತ್ತಿತ್ತು. ನಡುವೆ ಒಂದು ಕಡೆ ಮೈಕಿನಲ್ಲಿ ತಣ್ಣಗೆ ಹೇಳುತ್ತಾನೆ, ಬೇಕಿದ್ದರೆ ನೀವು ಹೊರಡಬಹುದು, ನಾವು ಸುಮ್ನೆ ನುಡಿಸಿಕೊಳ್ತಾ ಇದ್ದೇವೆ ಅಷ್ಟೇ, ಹೋಗಿ ಇಲ್ಲವೇ ಚಪ್ಪಾಳೆ ತಟ್ಟಿ, ಅಂತ. ನನಗೆ ಇಡೀ ರೆಕಾರ್ಡಿಂಗಿನಲ್ಲಿ ಇಷ್ಟವಾದ ಮಾತು ಇದು. ಇಂಥ ಮಾತು ಹೇಳಿದ ಕೆಲವೇ ನಿಮಿಷಕ್ಕೆ ರಾಷ್ಟ್ರಗೀತೆ ಬರುತ್ತೆ. ಲಕ್ಷ ಜನರ ಮುಂದೆ ರಾತ್ರಿ ಲೈಟಿನಲ್ಲಿ ನುಡಿಸಿದ್ದರೆ ಅದು ಬೇರೆಯೇ ಆಗಿರುತ್ತಿತ್ತು. ಹೀಗೆ ಆಗಿದ್ದೇ ಚೆನ್ನಾಯಿತು ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: ನಾನು ಸಿತಾರ್ ಕಲಿಯುತ್ತಿದ್ದೇನೆ. ಪಂಡಿತ್ ರವಿಶಂಕರ್ ಅವರೂ ವುಡ್‌ಸ್ಟಾಕ್‌ನಲ್ಲಿ ನುಡಿಸಿದ್ದರಂತೆ. ಹೆಂಡ್ರಿಕ್ಸ್ ಅಲ್ಲೇ ಗಿಟಾರಿಗೆ ಬೆಂಕಿ ಹಚ್ಚಿದ್ದನ್ನು ನೋಡಿ ಅವರು ಸಿಟ್ಟಾಗಿ ಎದ್ದುಹೋದರು ಅಂತ ನಮ್ಮ ಗುರುಗಳು ಹೇಳಿದರು. ನಿಜವಾ? (ಧಾರವಾಡ)

ಗುರುಗಳ ಮಾತಿನಲ್ಲಿ ಎರಡು ಹಬ್ಬ ಸೇರಿಕೊಂಡಿವೆ. ಬೆಂಕಿ ಹಚ್ಚಿದ್ದು ವುಡ್‌ಸ್ಟಾಕ್‌ನಲ್ಲಿ ಅಲ್ಲ. ಅದಕ್ಕೆ ಎರಡು ವರ್ಷ ಮೊದಲು, 1967ರ ಜೂನ್ 18ರಂದು, ಕ್ಯಾಲಿಫೋರ್ನಿಯಾದ ಮಾಂಟರೆ ಪಾಪ್ ಹಬ್ಬದಲ್ಲಿ. ಅವತ್ತು ಮಧ್ಯಾಹ್ನ ರವಿಶಂಕರ್ ಅವರ ಕಛೇರಿ ಗಂಟೆಗಟ್ಟಲೆ ನಡೆದಿತ್ತು, ಜೊತೆಗೆ ತಬಲಾ ಅಲ್ಲಾ ರಖಾ. ಆ ಹಬ್ಬದ ಚಿತ್ರದಲ್ಲಿ ಕೇಳುಗರ ನಡುವೆ ಹೆಂಡ್ರಿಕ್ಸ್ ಕೂತಿರುವುದು ಕಾಣುತ್ತೆ. ಅದೇ ರಾತ್ರಿ ಅವನು ಗಿಟಾರನ್ನು ನೆಲಕ್ಕೆ ಮಲಗಿಸಿ, ಮಂಡಿಯೂರಿ, ಲೈಟರಿಗೆ ತುಂಬುವ ಎಣ್ಣೆ ಸುರಿದು ಬೆಂಕಿ ಕೊಟ್ಟ, ಆಮೇಲೆ ಒಡೆದು ಪುಡಿ ಮಾಡಿದ.

ರವಿಶಂಕರ್ ಅವರಿಗೆ ಅದು ನಿಜಕ್ಕೂ ನೋವಾಯಿತು. ಅವನ ಕೈಯ ಬಗ್ಗೆ ಅವರಿಗೆ ಮೆಚ್ಚುಗೆ ಇತ್ತು, ಬೇಸರ ಇದ್ದದ್ದು ವಾದ್ಯಕ್ಕೆ ಮಾಡಿದ ಅವಮಾನದ ಬಗ್ಗೆ. ನಮಗೆ ವಾದ್ಯ ಅಂದರೆ ದೇವರ ಭಾಗ ಅಂತ ಆಮೇಲೆ ಹಲವು ಸಲ ಹೇಳಿದ್ದಾರೆ. ಈ ಮಾತು ನಮಗೆ ತಕ್ಷಣ ಅರ್ಥವಾಗುತ್ತೆ. ಕಾಲು ತಾಗಿದರೆ ತಂಬೂರಿಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವವರು ನಾವು, ನವರಾತ್ರಿಯಲ್ಲಿ ಹಾರ್ಮೋನಿಯಂಗೆ ಅರಿಶಿನ ಕುಂಕುಮ ಹಚ್ಚುವವರು. ಆದರೆ ಒಂದು ಮಾತು. ಬೆಂಕಿ ಹಚ್ಚುವಾಗ ಅವನ ಮುಖ ನೋಡಿದರೆ ಸಿಟ್ಟು ಕಾಣಲ್ಲ, ಏನೋ ಪೂಜೆ ಮಾಡುತ್ತಿರುವವನ ಹಾಗಿರುತ್ತಾನೆ. ಸಮರ್ಥನೆ ಮಾಡ್ತಿಲ್ಲ, ಕಂಡದ್ದು ಹೇಳಿದೆ.

ವುಡ್‌ಸ್ಟಾಕ್‌ನಲ್ಲಿ ರವಿಶಂಕರ್ ನುಡಿಸಿದ್ದು ಮೊದಲ ದಿನ, ಶುಕ್ರವಾರ ರಾತ್ರಿ, ಮಳೆಯಲ್ಲಿ. ಹೆಂಡ್ರಿಕ್ಸ್ ಬಂದದ್ದು ಸೋಮವಾರ. ಕೆಸರಿನಲ್ಲಿ ಕೂತಿದ್ದ ಆ ಜನಸಾಗರವನ್ನು ನೋಡಿ ತಮಗೆ ನಮ್ಮ ಕಡೆ ಕೆಸರಲ್ಲಿ ಹೊರಳುವ ಎಮ್ಮೆಗಳ ನೆನಪಾಯಿತು ಅಂತ ಅವರು ಬರೆದುಕೊಂಡಿದ್ದಾರೆ. ಆಮೇಲೆ ಇಂಥ ಹಬ್ಬಗಳಿಂದ ದೂರವೇ ಉಳಿದರು. ಅಂದ ಹಾಗೆ, ವುಡ್‌ಸ್ಟಾಕ್‌ನಲ್ಲಿ ಹೆಂಡ್ರಿಕ್ಸ್ ಗಿಟಾರಿಗೆ ಏನೂ ಮಾಡಲಿಲ್ಲ. ನುಡಿಸಿದ, ಇಳಿದು ಹೋದ. ಆ ಗಿಟಾರ್ ಇವತ್ತಿಗೂ ಇದೆ.

ಪ್ರಶ್ನೆ: ನಾನು ಸೇನೆಯಲ್ಲಿ 17 ವರ್ಷ ಇದ್ದು ನಿವೃತ್ತನಾದವನು. ನೀವು ಹೇಳಿದಿರಿ ಅಂತ ಕೇಳಿದೆ. ಯಾವ ದೇಶದ್ದೇ ಆಗಲಿ, ರಾಷ್ಟ್ರಗೀತೆಯನ್ನು ಹೀಗೆ ಕಿರುಚಾಡಿಸುವುದು ಅವಮಾನ ಅಲ್ಲವೇ? ಇದನ್ನು ಹೊಗಳುವುದರಲ್ಲಿ ಏನು ಅರ್ಥ? (ಶಿವಮೊಗ್ಗ)

ಸರ್, ನಿಮ್ಮ ಪತ್ರಕ್ಕೆ ಉದ್ದ ಉತ್ತರ ಕೊಡಬೇಕು, ಸ್ವಲ್ಪ ತಾಳ್ಮೆ ಇರಲಿ. ನಿಮ್ಮ ಪ್ರಶ್ನೆ ಹೊಸದಲ್ಲ. ಹಬ್ಬ ಮುಗಿದು ಮೂರು ವಾರಕ್ಕೆ ಅಮೆರಿಕದ ಟಿವಿಯಲ್ಲಿ ಡಿಕ್ ಕ್ಯಾವೆಟ್ ಎಂಬ ಸಂದರ್ಶಕ ಇದನ್ನೇ ಹೆಂಡ್ರಿಕ್ಸ್ ಮುಂದೆ ಎತ್ತಿದ. ಸಂಪ್ರದಾಯ ಬಿಟ್ಟು ನುಡಿಸಿದರೆ ಬೈಗುಳದ ಪತ್ರ ಬರುತ್ತವಲ್ಲ, ಅಂತ. ಹೆಂಡ್ರಿಕ್ಸ್ ಉತ್ತರ ಒಂದೇ ಉಸಿರಿನದು: ನನಗೆ ಅದು ಸುಂದರ ಅನ್ನಿಸಿತು. ಆಗ ಕ್ಯಾವೆಟ್ ನೋಡುಗರಿಗೆ ಇನ್ನೊಂದು ಮಾತು ನೆನಪಿಸಿದ, ಈ ಮನುಷ್ಯ ನಮ್ಮ ಸೇನೆಯ 101ನೇ ಏರ್‌ಬೋರ್ನ್ ಪಡೆಯಲ್ಲಿ ಇದ್ದವನು, ಪತ್ರ ಬರೆಯುವ ಮುಂಚೆ ಅದು ತಲೆಯಲ್ಲಿರಲಿ, ಅಂತ.

ಹೌದು ಸರ್, ಅವನೂ ಪ್ಯಾರಾಟ್ರೂಪರ್ ಆಗಿದ್ದವನು. 1961ರಲ್ಲಿ ಸೇರಿದ, 1962ರಲ್ಲಿ ಹೊರಬಂದ. ನಿಮ್ಮ 17 ವರ್ಷದ ಮುಂದೆ ಅದು ಏನೂ ಅಲ್ಲ, ಅವನು ಒಳ್ಳೆಯ ಸಿಪಾಯಿಯೂ ಆಗಿರಲಿಲ್ಲ. ಆದರೆ ವುಡ್‌ಸ್ಟಾಕ್‌ನಲ್ಲಿ ಪಕ್ಕದಲ್ಲಿ ನಿಂತು ಬಾಸ್ ನುಡಿಸಿದ ಬಿಲ್ಲಿ ಕಾಕ್ಸ್ ಅವನಿಗೆ ಸಿಕ್ಕಿದ್ದು ಅದೇ ಸೇನಾ ಶಿಬಿರದಲ್ಲಿ. 1969ರಲ್ಲಿ ವಿಯೆಟ್ನಾಂ ಯುದ್ಧ ನಡೆಯುತ್ತಿತ್ತು, ಅಲ್ಲಿ 5 ಲಕ್ಷಕ್ಕೂ ಹೆಚ್ಚು ಅಮೆರಿಕನ್ ಸೈನಿಕರಿದ್ದರು. ಅವನ ಹಳೆಯ 101ನೇ ಪಡೆಯೂ ಅಲ್ಲೇ ಇತ್ತು.

ಈಗ ಹಾಡಿನ ಮಾತುಗಳಿಗೆ ಬನ್ನಿ, ಏಕೆಂದರೆ ನನ್ನ ವಾದ ಇರುವುದು ಅಲ್ಲೇ. 1814ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷ್ ಹಡಗುಗಳು ಬಾಲ್ಟಿಮೋರ್ ಹತ್ತಿರದ ಮೆಕ್‌ಹೆನ್ರಿ ಕೋಟೆಯ ಮೇಲೆ ರಾತ್ರಿಯಿಡೀ ದಾಳಿ ಮಾಡಿದವು. ಸೆರೆಯಾದವನೊಬ್ಬನನ್ನು ಬಿಡಿಸಿಕೊಳ್ಳಲು ಹೋಗಿದ್ದ ವಕೀಲ ಫ್ರಾನ್ಸಿಸ್ ಸ್ಕಾಟ್ ಕೀ ಹಡಗಿನ ಮೇಲಿಂದ ಅದನ್ನು ನೋಡುತ್ತಾ ಕೂತಿದ್ದ. ಬೆಳಗಾದಾಗ ಕೋಟೆಯ ಮೇಲೆ ಬಾವುಟ ಇನ್ನೂ ಹಾರುತ್ತಿತ್ತು. ಅದನ್ನೇ ಪದ್ಯ ಮಾಡಿದ. ರಾಕೆಟ್ಟುಗಳ ಕೆಂಪು ಬೆಳಕು, ಗಾಳಿಯಲ್ಲಿ ಸಿಡಿಯುವ ಬಾಂಬು, ಇವು ಆ ರಾಷ್ಟ್ರಗೀತೆಯೊಳಗೇ ಇರುವ ಮಾತುಗಳು. ನಿಂತುಕೊಂಡು ಗಂಭೀರವಾಗಿ ಹಾಡುವವರಿಗೆ ಅವು ಬರೀ ಶಬ್ದ ಆಗಿಹೋಗಿದ್ದವು. ಹೆಂಡ್ರಿಕ್ಸ್ ಮಾಡಿದ್ದಿಷ್ಟೇ, ರಾಕೆಟ್ ಅಂತ ಬಂದಲ್ಲಿ ರಾಕೆಟ್ ಹಾರಿಸಿದ, ಬಾಂಬ್ ಅಂತ ಬಂದಲ್ಲಿ ಬಾಂಬ್ ಬೀಳಿಸಿದ. ಕುಮಾರವ್ಯಾಸನ ಯುದ್ಧದ ಪದ್ಯ ಓದುವಾಗ ಗಮಕಿಗಳು ದನಿ ಏರಿಸುವುದಿಲ್ಲವೇ, ಚೆಂಡೆಯವನು ಕೋಲು ಬಿರುಸು ಮಾಡುವುದಿಲ್ಲವೇ? ಇದೂ ಆ ಜಾತಿಯದು.

ಇನ್ನೊಂದು ವಿಷಯ, ಇದು ನಿಮ್ಮ ಊರಿನವರಿಗೇ ಹೇಳಬೇಕಾದದ್ದು. ಬ್ರಿಟಿಷರು ಅವತ್ತು ಹಾರಿಸಿದ ಕಾಂಗ್ರೀವ್ ರಾಕೆಟ್ಟಿನ ಮೂಲ ನಮ್ಮದು. ಹೈದರ್ ಮತ್ತು ಟಿಪ್ಪುವಿನ ಪಡೆ ಕಬ್ಬಿಣದ ಕೊಳವೆಗೆ ಮದ್ದು ತುಂಬಿ ಹಾರಿಸುತ್ತಿದ್ದ ರಾಕೆಟ್ಟುಗಳು ಬ್ರಿಟಿಷರ ನಿದ್ದೆ ಕೆಡಿಸಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಸಿಕ್ಕಿದವುಗಳನ್ನು ಇಂಗ್ಲೆಂಡಿಗೆ ಸಾಗಿಸಿದರು, ವಿಲಿಯಂ ಕಾಂಗ್ರೀವ್ ಅವನ್ನು ನೋಡಿಕೊಂಡು ತನ್ನದನ್ನು ಮಾಡಿದ. ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರದ ತಾರಾಮಂಡಲ ಪೇಟೆಗೆ ಆ ಹೆಸರು ಬಂದದ್ದೂ ಈ ರಾಕೆಟ್ಟುಗಳಿಂದಲೇ ಅಂತಾರೆ. 2018ರಲ್ಲಿ ನಿಮ್ಮ ಹೊಸನಗರ ತಾಲ್ಲೂಕಿನ ನಗರದಲ್ಲಿ ಹಾಳು ಬಾವಿಯ ಕೆಸರು ತೆಗೆಯುವಾಗ ಸಾವಿರಕ್ಕೂ ಜಾಸ್ತಿ ತುಕ್ಕು ಹಿಡಿದ ರಾಕೆಟ್ಟುಗಳು ಸಿಕ್ಕವಲ್ಲ, ಶಿವಪ್ಪ ನಾಯಕನ ಅರಮನೆಯಲ್ಲಿ ಇಟ್ಟಿದ್ದಾರೆ. ಒಮ್ಮೆ ಅವುಗಳ ಮುಂದೆ ನಿಂತು, ಆಮೇಲೆ ಹೆಂಡ್ರಿಕ್ಸ್ ಗಿಟಾರಿನ ಆ ಕೂಗು ಕೇಳಿ. ಮಲೆನಾಡಿನ ಬಾವಿಯಲ್ಲಿ ಸಿಕ್ಕಿದ ಕೊಳವೆಯ ಮೊಮ್ಮಗನ ಸದ್ದು ಅದು.

ಸಾಲು ಮುಗಿಸಿ ಮುಂದೆ ಹೋಗುವ ಮೊದಲು, ಬಾವುಟ ಇನ್ನೂ ಅಲ್ಲೇ ಇದೆ ಅನ್ನುವ ಜಾಗದಲ್ಲಿ, ಅವನು ಒಂದು ಸಣ್ಣ ತುಣುಕು ಸೇರಿಸುತ್ತಾನೆ. ಟ್ಯಾಪ್ಸ್ ಅಂತ, ಸತ್ತ ಸೈನಿಕನನ್ನು ಮಣ್ಣು ಮಾಡುವಾಗ ಅಮೆರಿಕದಲ್ಲಿ ಊದುವ ಬ್ಯೂಗಲ್. ನಮ್ಮ ಸೇನೆಯಲ್ಲಿ ಲಾಸ್ಟ್ ಪೋಸ್ಟ್ ಊದುತ್ತಾರಲ್ಲ, ಆ ಥರ. ನಿಮ್ಮ ಕಿವಿಗೆ ಇದು ನನಗಿಂತ ಬೇಗ ಸಿಕ್ಕುತ್ತೆ. ಅಷ್ಟೆಲ್ಲ ಗದ್ದಲದ ನಡುವೆ ನಾಲ್ಕೈದು ಸ್ವರ, ಒಂಟಿಯಾಗಿ. ಅದನ್ನು ಕೇಳಿದ ಮೇಲೂ ಅವಮಾನ ಅನ್ನಿಸಿದರೆ ನಾನು ವಾದಕ್ಕೆ ಬರಲ್ಲ.

ಯುದ್ಧದ ವಿರುದ್ಧ ಪ್ರತಿಭಟನೆ ಅಂತ ಇದನ್ನು ಬಣ್ಣಿಸುವವರೂ ಇದ್ದಾರೆ. ಅವನು ಮಾತ್ರ ಹಾಗೆ ನೇರವಾಗಿ ಹೇಳಲಿಲ್ಲ. ಸೆಪ್ಟೆಂಬರ್ ಮೊದಲ ವಾರ ಪತ್ರಕರ್ತರು ಕೇಳಿದಾಗ, ನಾವೆಲ್ಲ ಅಮೆರಿಕನ್ನರೇ, ಇವತ್ತು ಅಮೆರಿಕದ ಗಾಳಿ ಹೇಗಿದೆಯೋ ಹಾಗೆ ನುಡಿಸುತ್ತೇವೆ, ಗಾಳಿಯಲ್ಲಿ ಸ್ವಲ್ಪ ಕರಕರ ಇದೆ, ಅನ್ನುವ ಅರ್ಥದಲ್ಲಿ ಮಾತಾಡಿದ. ಮತ್ತೆ, ಅವನು ಅದನ್ನು ಅವತ್ತೇ ಮೊದಲ ಸಲ ನುಡಿಸಿದ್ದೂ ಅಲ್ಲ. 1968ರಿಂದ ಎಷ್ಟೋ ಕಾರ್ಯಕ್ರಮಗಳಲ್ಲಿ ನುಡಿಸಿದ್ದ. ಅಮೆರಿಕನ್ನರು ಈ ವಿಷಯಕ್ಕೆ ರೇಗುವುದೂ ಮೊದಲೇ ಇತ್ತು. 1968ರ ಅಕ್ಟೋಬರ್‌ನಲ್ಲಿ ಹೊಸೆ ಫೆಲಿಸಿಯಾನೊ ಎಂಬ ಕುರುಡು ಗಾಯಕ ಡೆಟ್ರಾಯಿಟ್‌ನಲ್ಲಿ ಬೇಸ್‌ಬಾಲ್ ಆಟಕ್ಕೆ ಮುಂಚೆ ಇದೇ ಗೀತೆಯನ್ನು ಗಿಟಾರ್ ಹಿಡಿದು ಮೆತ್ತಗೆ ತನ್ನ ಧಾಟಿಯಲ್ಲಿ ಹಾಡಿದ್ದಕ್ಕೇ ಗಲಾಟೆಯಾಗಿತ್ತು. ಅದರಲ್ಲಿ ಬಾಂಬೂ ಇರಲಿಲ್ಲ, ರಾಕೆಟ್ಟೂ ಇರಲಿಲ್ಲ.

ಪ್ರಶ್ನೆ: ನಮ್ಮದು ಮೈಕ್ ಸೆಟ್ ಬಾಡಿಗೆ ಕೊಡುವ ಕೆಲಸ. ಆ ಕಾಲದಲ್ಲಿ ಕಂಪ್ಯೂಟರ್ ಇಲ್ಲ, ಏನಿಲ್ಲ. ಗಿಟಾರಿನಲ್ಲಿ ವಿಮಾನದ ಸದ್ದು, ಬಾಂಬಿನ ಸದ್ದು ಹೇಗೆ ತೆಗೆದ? (ಮೂಡುಬಿದಿರೆ)

ಇದಕ್ಕೆ ಅರ್ಧ ಉತ್ತರ ನಿಮಗೇ ಗೊತ್ತು. ಶಾಲೆ ವಾರ್ಷಿಕೋತ್ಸವದಲ್ಲಿ ಮುಖ್ಯ ಅತಿಥಿ ಮೈಕ್ ಹಿಡಿದು ಬಾಕ್ಸಿನ ಮುಂದೆ ಬಂದುಬಿಟ್ಟರೆ 'ಕುಂಯ್ಯ್' ಅಂತ ಕೂಗುತ್ತಲ್ಲ, ನೀವು ಓಡಿಹೋಗಿ ವಾಲ್ಯೂಮ್ ಇಳಿಸುತ್ತೀರಲ್ಲ, ಅದೇ. ಬಾಕ್ಸಿನಿಂದ ಬಂದ ಸದ್ದು ಮತ್ತೆ ಮೈಕಿಗೆ ಹೋಗಿ, ಅದು ಮತ್ತೆ ಬಾಕ್ಸಿಗೆ ಬಂದು ಸುತ್ತುತ್ತಾ ಬೆಳೆಯುವುದು. ಎಲೆಕ್ಟ್ರಿಕ್ ಗಿಟಾರಿನಲ್ಲಿ ಮೈಕಿನ ಜಾಗದಲ್ಲಿ ತಂತಿ, ಮತ್ತು ಅದರ ಅಲುಗಾಟವನ್ನು ಹಿಡಿದು ಆಂಪ್ಲಿಫೈಯರಿಗೆ (ಆಂಪ್) ಕಳಿಸುವ ಪಿಕಪ್ ಇರುತ್ತೆ. ಆಂಪ್ ಜೋರಾಗಿದ್ದು ಗಿಟಾರ್ ಅದರ ಎದುರಿಗಿದ್ದರೆ, ಬಾಕ್ಸಿನ ಸದ್ದೇ ತಂತಿಯನ್ನು ಮತ್ತೆ ಅಲುಗಿಸುತ್ತೆ. ಬೆರಳು ಎತ್ತಿದರೂ ಸ್ವರ ನಿಲ್ಲುವುದಿಲ್ಲ, ಕಮಾನು ಎಳೆದ ಪಿಟೀಲಿನ ಹಾಗೆ ಮೊರೆಯುತ್ತಾ ಇರುತ್ತೆ. ನೀವು ಓಡಿಸುವ ಭೂತವನ್ನು ಅವನು ಸಾಕಿಕೊಂಡಿದ್ದ ಅಂತ ಇಟ್ಟುಕೊಳ್ಳಿ. ಎಷ್ಟು ಹತ್ತಿರ ನಿಂತರೆ ಯಾವ ಸ್ವರ ಏಳುತ್ತೆ, ಮೈ ಸ್ವಲ್ಪ ತಿರುಗಿಸಿದರೆ ಅದು ಹೇಗೆ ಬದಲಾಗುತ್ತೆ ಅಂತ ಗೊತ್ತಿತ್ತು.

ಉಳಿದರ್ಧ ಕೈ ಮತ್ತು ಕಾಲಿನದು. ಗಿಟಾರಿನ ಕುದುರೆಗೆ ಒಂದು ಕಡ್ಡಿ ಸಿಕ್ಕಿಸಿರುತ್ತೆ. ಅದನ್ನು ಒತ್ತಿದರೆ ಆರೂ ತಂತಿ ಒಟ್ಟಿಗೆ ಸಡಿಲವಾಗಿ ಶ್ರುತಿ ಪಾತಾಳಕ್ಕೆ ಜಾರುತ್ತೆ. ಮೊರೆಯುತ್ತಿರುವ ಸ್ವರವನ್ನು ಹಾಗೆ ಜಾರಿಸಿದರೆ ಮೇಲಿಂದ ಬೀಳುವ ಬಾಂಬು. ಕಾಲಿನ ಕೆಳಗೆ ಮೂರು ಪೆಡಲ್: ದನಿಯನ್ನು ಒರಟು ಮಾಡುವ ಫಜ್ ಫೇಸ್, ಬಾಯಿ ತೆರೆದು ಮುಚ್ಚಿದ ಹಾಗೆ ದನಿ ತಿರುಚುವ ವಾ ಪೆಡಲ್, ಮತ್ತೆ ನೀರಿನಲ್ಲಿ ಅಲೆದಂತೆ ತೇಲಿಸುವ ಯೂನಿವೈಬ್. ಹಿಂದೆ ಮಾರ್ಷಲ್ ಆಂಪುಗಳ ಗೋಡೆ. ಇಷ್ಟೇ ಸಾಮಾನು. ಮೈದಾನಕ್ಕೆಲ್ಲ ಸದ್ದು ತಲುಪಿಸುವ ವ್ಯವಸ್ಥೆ ಬಿಲ್ ಹ್ಯಾನ್ಲಿ ಎಂಬವನದು. ಅಷ್ಟು ಜನಕ್ಕೆ ಬಯಲಿನಲ್ಲಿ ಕೇಳಿಸುವುದು ಆಗಿನ ಕಾಲಕ್ಕೆ ಎಂಥ ಕೆಲಸ ಅನ್ನುವುದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಒಂದು ಸೂಕ್ಷ್ಮ ಹೇಳಿ ಮುಗಿಸುತ್ತೇನೆ. ಅಷ್ಟೆಲ್ಲ ಸ್ಫೋಟ ಆದ ಮೇಲೆ ಅವನು ಮತ್ತೆ ರಾಗದ ಸಾಲಿಗೆ ಬಂದಾಗ ಸ್ವರ ಸರಿಯಾದ ಜಾಗದಲ್ಲೇ ನಿಲ್ಲುತ್ತೆ. ಕಡ್ಡಿಯನ್ನು ಹಾಗೆ ಜಗ್ಗಿದರೆ ಶ್ರುತಿ ಕೆಡುವುದು ಖಂಡಿತ. ಕೆಟ್ಟ ಶ್ರುತಿಯನ್ನು ಬೆರಳಲ್ಲೇ ತಂತಿ ಎಳೆದು ಸರಿ ಮಾಡಿಕೊಳ್ಳುತ್ತಾ ಹೋಗುತ್ತಾನೆ. ವೀಣೆ ನುಡಿಸುವವರು ತಂತಿ ಎಳೆದು ಗಮಕ ಕೊಡುವುದನ್ನು ನೋಡಿದವರಿಗೆ ಅವನ ಬೆರಳು ಏನು ಮಾಡುತ್ತಿದೆ ಅಂತ ಬೇಗ ತಿಳಿಯುತ್ತೆ.

ಪ್ರಶ್ನೆ: ನನ್ನ ಮಗಳು ಎಡಚಿ. ಗಿಟಾರ್ ಕ್ಲಾಸಿನಲ್ಲಿ ಬಲಗೈಯಲ್ಲೇ ಕಲಿ ಅಂತಾರೆ. ಹೆಂಡ್ರಿಕ್ಸ್ ಕೂಡ ಎಡಚ ಅಂತೆ, ಅವನು ಏನು ಮಾಡಿದ? (ದಾವಣಗೆರೆ)

ಬಲಗೈಯವರ ಗಿಟಾರನ್ನೇ ತಲೆಕೆಳಗು ಮಾಡಿ ಹಿಡಿದ, ತಂತಿಗಳನ್ನು ಬಿಚ್ಚಿ ಹಿಂದುಮುಂದಾಗಿ ಕಟ್ಟಿಕೊಂಡ. ಅಂದರೆ ದಪ್ಪ ತಂತಿ ಎಂದಿನಂತೆ ಮೇಲೆ, ಸಣ್ಣದು ಕೆಳಗೆ. ಆದರೆ ಬಿರಡೆಗಳು, ಗುಂಡಿಗಳು, ಆ ಕಡ್ಡಿ, ಎಲ್ಲ ಉಲ್ಟಾ. ವುಡ್‌ಸ್ಟಾಕ್‌ನ ಬಿಳಿ ಸ್ಟ್ರಾಟೋಕಾಸ್ಟರ್ ಗಿಟಾರ್ ಕೂಡ ಹಾಗೇ ಇತ್ತು. ಇದರಿಂದ ದನಿಯೂ ಸ್ವಲ್ಪ ಬದಲಾಯಿತು. ಆ ಗಿಟಾರಿನಲ್ಲಿ ಕುದುರೆ ಹತ್ತಿರದ ಪಿಕಪ್ ಓರೆಯಾಗಿ ಕೂತಿರುತ್ತೆ. ಗಿಟಾರ್ ತಿರುಗಿಸಿದಾಗ ಓರೆಯೂ ತಿರುಗಿ, ದಪ್ಪ ತಂತಿಗಳು ಹೆಚ್ಚು ಚುರುಕಾಗಿ, ಸಣ್ಣವು ಸ್ವಲ್ಪ ಮೆತ್ತಗೆ ಕೇಳುತ್ತವೆ.

ಎಲ್ಲ ಎಡಚರೂ ಹೀಗೇ ಮಾಡಿದರು ಅಂತಲ್ಲ. ಅಮೆರಿಕದ ಗಿಟಾರ್ ವಾದಕ ಆಲ್ಬರ್ಟ್ ಕಿಂಗ್ ತಂತಿಯನ್ನೂ ಬದಲಿಸದೆ ಬರೀ ತಿರುಗಿಸಿ ಹಿಡಿದು ನುಡಿಸಿದ. ನಿಮ್ಮ ಮಗಳ ವಿಷಯದಲ್ಲಿ ನನ್ನ ಸಲಹೆ ಇಷ್ಟು: ಕೈಗೆ ಗಿಟಾರ್ ಕೊಟ್ಟು ಏನೂ ಹೇಳದೆ ಸುಮ್ನೆ ನೋಡಿ, ತಾನಾಗಿ ಹೇಗೆ ಹಿಡಿಯುತ್ತಾಳೋ ಹಾಗೆ ಬಿಡಿ. ಎಡಗೈಗೆ ಮಾಡಿದ ಗಿಟಾರ್ ಈಗ ಸಿಗುತ್ತೆ, ಆಯ್ಕೆ ಕಮ್ಮಿ ಅಷ್ಟೇ. ಊಟ ಮಾಡುವಾಗ ಎಡಗೈಗೆ ಏಟು ಕೊಟ್ಟು ಬೆಳೆಸಿದ ತಲೆಮಾರು ನಮ್ಮದು, ಅದನ್ನು ಗಿಟಾರ್ ಕ್ಲಾಸಿಗೂ ಒಯ್ಯುವುದು ಬೇಡ.

ಪ್ರಶ್ನೆ: ಎರಡು ಗಂಟೆಯ ಪೂರ್ತಿ ಕಾರ್ಯಕ್ರಮ ಕೇಳಿದೆ. ನಿಜ ಹೇಳಲಾ? ಅರ್ಧ ಬೋರ್ ಆಯಿತು. ಇದು ನನ್ನ ತಪ್ಪಾ? (ಬೆಂಗಳೂರು)

ಅಲ್ಲ. ನನಗೂ ಹಾಗೇ ಅನ್ನಿಸುತ್ತೆ. ಅವನ ಜೊತೆ ಮೊದಲಿದ್ದ ಮೂವರ ಬ್ಯಾಂಡ್ ಅದೇ ಜೂನ್‌ನಲ್ಲಿ ಒಡೆದಿತ್ತು. ವೇದಿಕೆಯಿಂದ ಹಳೆಯ ಹೆಸರನ್ನೇ ಕೂಗಿ ಪರಿಚಯ ಮಾಡಿದಾಗ ಅವನೇ ತಿದ್ದಿದ, ಇದು ಜಿಪ್ಸಿ ಸನ್ ಅಂಡ್ ರೇನ್‌ಬೋಸ್ ಅಂತ. ಹೊಸ ಬ್ಯಾಂಡ್, ಆರು ಜನ. ಡ್ರಮ್ಸ್‌ಗೆ ಹಳೆಯ ಮಿಚ್ ಮಿಚೆಲ್, ಬಾಸ್‌ಗೆ ಬಿಲ್ಲಿ ಕಾಕ್ಸ್, ಇನ್ನೊಂದು ಗಿಟಾರಿಗೆ ಲ್ಯಾರಿ ಲೀ, ಕಾಂಗಾ ಮುಂತಾದ ತಾಳವಾದ್ಯಕ್ಕೆ ಜುಮಾ ಸುಲ್ತಾನ್ ಮತ್ತು ಜೆರ್ರಿ ವೆಲೆಸ್. ಆ ಬೇಸಿಗೆಯಲ್ಲಿ ವುಡ್‌ಸ್ಟಾಕ್ ಊರಿನ ಹತ್ತಿರ ಒಂದು ಬಾಡಿಗೆ ಮನೆಯಲ್ಲಿ ಕೂತು ಅಭ್ಯಾಸ ಮಾಡಿದ್ದರು, ಸಾಕಾಗಿರಲಿಲ್ಲ. ಕೆಲವು ಕಡೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿರುವುದು ಕಿವಿಗೇ ಕೇಳುತ್ತೆ. ತಾಳವಾದ್ಯದವರು ಮತ್ತು ಲ್ಯಾರಿ ಲೀ ಪಾಪ, ಹೊರಬಂದ ರೆಕಾರ್ಡುಗಳಲ್ಲಿ ಅವರ ಸದ್ದು ಇದೆಯೋ ಇಲ್ಲವೋ ಅನ್ನುವಷ್ಟು.

ನನ್ನ ಮಾತು ಕೇಳುವುದಾದರೆ ಕೊನೆಯ ಅರ್ಧ ಗಂಟೆ ಸಾಕು. ಅವನ ವೂಡೂ ಚೈಲ್ಡ್ ಹಾಡಿನಿಂದ ಶುರು ಮಾಡಿ, ಅದು ಕರಗಿ ರಾಷ್ಟ್ರಗೀತೆಗೆ ಬರುತ್ತೆ, ಅದು ನಿಲ್ಲದೆ ಪರ್ಪಲ್ ಹೇಜ್ ಹಾಡಿಗೆ ಹಾರುತ್ತೆ, ಆಮೇಲೆ ಒಬ್ಬನೇ ಸ್ವಲ್ಪ ಹೊತ್ತು ಅಲೆದಾಡಿ ವಿಲ್ಲಾನೋವಾ ಜಂಕ್ಷನ್ ಅನ್ನುವ ನಿಧಾನದ ಒಂದು ತುಣುಕಿಗೆ ಇಳಿಯುತ್ತಾನೆ. ಕಛೇರಿಯ ಕೊನೆಗೆ ಭೈರವಿ ನುಡಿಸಿದ ಹಾಗೆ. ಎಲ್ಲರೂ ರಾಷ್ಟ್ರಗೀತೆಯ ಬಗ್ಗೆ ಮಾತಾಡುತ್ತಾರೆ, ನಾನೂ ಮಾತಾಡಿದೆ. ಆದರೆ ರಾತ್ರಿ ಮಲಗುವ ಮುಂಚೆ ನಾನು ಹಾಕಿಕೊಳ್ಳುವುದು ಆ ಮೂರು ನಿಮಿಷದ ವಿಲ್ಲಾನೋವಾ.

ಸ್ವಂತ ಅನುಭವ ಒಂದು. ಕಾಲೇಜಿನಲ್ಲಿದ್ದಾಗ 90ರ ದಶಕದಲ್ಲಿ ಒಂದು ಅಂಗಡಿಯವನಿಗೆ ಖಾಲಿ ಕ್ಯಾಸೆಟ್ ಕೊಟ್ಟು ಇದನ್ನು ತುಂಬಿಸಿಕೊಂಡು ಬಂದಿದ್ದೆ. ಟೇಪಿನ ಉದ್ದ ಅವನು ಲೆಕ್ಕ ಹಾಕಿರಲಿಲ್ಲ. ಬಾಂಬ್ ಬೀಳುವ ಜಾಗಕ್ಕೆ ಸರಿಯಾಗಿ ಟಕ್ ಅಂತ ಟೇಪ್ ಮುಗಿಯುತ್ತಿತ್ತು. ಎರಡು ವರ್ಷ ಆ ಗೀತೆ ಬಾಂಬಿನಲ್ಲೇ ಮುಗಿಯುತ್ತೆ ಅಂತ ನಂಬಿದ್ದೆ, ಸ್ನೇಹಿತರ ಮುಂದೆ ಅದರ ಅರ್ಥವನ್ನೂ ಭಾರಿ ಗಂಭೀರವಾಗಿ ವಿವರಿಸಿದ್ದೆ. ಪೂರ್ತಿ ಕೇಳಿದ ದಿನ ಸ್ವಲ್ಪ ನಾಚಿಕೆಯಾಯಿತು.

ಪ್ರಶ್ನೆ: ಆ ಬಿಳಿ ಗಿಟಾರ್ ಈಗ ಎಲ್ಲಿದೆ? (ಬೀದರ್)

ಸಿಯಾಟಲ್‌ನಲ್ಲಿ, ಅವನು ಹುಟ್ಟಿದ ಊರಿನಲ್ಲೇ, ಮ್ಯೂಸಿಯಂ ಆಫ್ ಪಾಪ್ ಕಲ್ಚರ್‌ನಲ್ಲಿ. ಡ್ರಮ್ಮರ್ ಮಿಚ್ ಮಿಚೆಲ್ ಹತ್ತಿರ ಇತ್ತು, 1990ರಲ್ಲಿ ಲಂಡನ್ನಿನ ಹರಾಜಿನಲ್ಲಿ 1,98,000 ಪೌಂಡಿಗೆ ಹೋಯಿತು. ಆಮೇಲೆ ಮೈಕ್ರೋಸಾಫ್ಟ್‌ನ ಪಾಲ್ ಆಲನ್ ಕೊಂಡ. ಹೆಂಡ್ರಿಕ್ಸ್ ಅದನ್ನು ವುಡ್‌ಸ್ಟಾಕ್‌ನಲ್ಲಿ ನುಡಿಸಿ 13 ತಿಂಗಳಿಗೆ, 1970ರ ಸೆಪ್ಟೆಂಬರ್ 18ರಂದು, ಲಂಡನ್‌ನಲ್ಲಿ ತೀರಿಕೊಂಡ. 27 ವರ್ಷ.

ಪ್ರಶ್ನೆ: ಹೊಲದವನ ಗತಿ ಏನಾಯಿತು? (ಮಂಡ್ಯ, ರೈತ)

ಈ ಪ್ರಶ್ನೆ ಕೇಳಿದ್ದು ನೀವೊಬ್ಬರೇ, ಖುಷಿಯಾಯಿತು. ಯಾಸ್ಗರ್ ಮೇಲೆ ಅಕ್ಕಪಕ್ಕದವರು ಬೆಳೆ ಆಸ್ತಿ ಹಾಳಾಯಿತು ಅಂತ ಕೇಸು ಹಾಕಿದರು. ಅವನ ಹೊಲದ ನಷ್ಟಕ್ಕೆ ಹಬ್ಬ ಮಾಡಿದವರಿಂದ 50,000 ಡಾಲರ್ ಸಿಕ್ಕಿತು. 1971ರಲ್ಲಿ ಜಮೀನು ಮಾರಿದ, 1973ರಲ್ಲಿ ತೀರಿಕೊಂಡ. ಈಗ ಅಲ್ಲಿ ಸಂಗೀತ ಕೇಂದ್ರ ಇದೆ, ಮ್ಯೂಸಿಯಂ ಇದೆ. ವೇದಿಕೆ ಇದ್ದ ಇಳಿಜಾರನ್ನು ಮಾತ್ರ ಹುಲ್ಲುಗಾವಲಾಗಿಯೇ ಬಿಟ್ಟಿದ್ದಾರೆ.

ಪ್ರಶ್ನೆ: ಇಷ್ಟೆಲ್ಲ ಕಣ್ಣಾರೆ ಕಂಡವರ ಹಾಗೆ ಬರೀತೀರಲ್ಲ, ನೀವೇನು ಅಲ್ಲಿದ್ರಾ? (ಹಾಸನದ ಅದೇ ಮಗ)

ಇಲ್ಲ ಮಾರಾಯ, ನಾನಿನ್ನೂ ಹುಟ್ಟಿರಲಿಲ್ಲ. ಅಲ್ಲಿ ಸೋಮವಾರ ಬೆಳಗ್ಗೆ 9 ಗಂಟೆ ಅಂದರೆ ನಮ್ಮಲ್ಲಿ ಸಂಜೆ ಆರೂವರೆ. ನಮ್ಮಪ್ಪನಿಗೆ ಆಗಿನ್ನೂ ಮದುವೆ ಆಗಿರಲಿಲ್ಲ. ಆ ಹೊತ್ತಿಗೆ ಕೊಟ್ಟಿಗೆಯಲ್ಲಿ ಕೂತು ಹಾಲು ಕರೆಯುತ್ತಿದ್ದಿರಬೇಕು.